ಹಳೇ ಗೋಡೆಗೆ ಬರುವ ಹಣ ಯಾರ ಪಾಲಿಗೆ?

[ಗಿರಣಿ ಕೆಲಸಗಾರರ ವಾಚನಾಲಯದಲ್ಲಿ ಹೋದ ಭಾನುವಾರ ಸಂಜೆ ಮಾಡಿದ ಭಾಷಣದ ಬರಹರೂಪ]

ಸಂಗಾತಿಗಳೇ, ಅಂಗಡಿ ಬಾಗಿಲು ಹಾಕಿ ಬಂದಿರುವ ಪೇಟೆಯ ಬಂಧುಗಳೇ,

ನಮ್ಮೂರ ಹಳೇ ಗಿರಣಿಯ ಚಿಮಣಿಯನ್ನು ಕೆಡವುವುದೋ ಉಳಿಸುವುದೋ ಎಂಬ ಮಾತು ಎರಡು ತಿಂಗಳಿಂದ ಚಹದಂಗಡಿಗಳಲ್ಲಿ ನಡೆದಿದೆ. ಗಿರಣಿಯ ಭೋಂಗಾ ನಿಂತು ವರ್ಷಗಳಾದವು. ನೂಲುವ ಖಾತೆಯ ಯಂತ್ರಗಳು ಗುಜರಿಗೆ ಹೋದವು. ಉಳಿದದ್ದು ನಾಲ್ಕು ಗೋಡೆ, ಒಂದು ಗೇಟು, ಒಂದು ಚಿಮಣಿ. ಈಗ ಬೆಂಗಳೂರಿನಿಂದ ಕೆಲವರು ಬಂದು, ಇದು ಪಾರಂಪರಿಕ ಕಟ್ಟಡ, ಇದಕ್ಕೆ ಅನುದಾನ ತರಬಹುದು, ಒಳಗೊಂದು ವಸ್ತುಸಂಗ್ರಹಾಲಯ ಮಾಡಬಹುದು, ಹುಡುಗರಿಗೆ ಶಿಷ್ಯವೇತನವನ್ನೂ ಕೊಡಿಸಬಹುದು ಎಂದು ಹೇಳಿ ಹೋಗಿದ್ದಾರೆ. ಅವರ ಮಾತು ಮುಗಿದ ಮೇಲೆ ಮಗ್ಗದ ಖಾತೆಯಲ್ಲಿ ಮೂವತ್ತು ವರ್ಷ ದುಡಿದ ಹಿರಿಯರೊಬ್ಬರು ಎದ್ದು, "ಇಟ್ಟಿಗೆಗೆ ಅನುದಾನ ಉಂಟು, ನನ್ನ ಗ್ರಾಚ್ಯುಟಿಗೆ ಇಲ್ಲವೇನಪ್ಪ?" ಎಂದು ಕೇಳಿದರು. ಸಭೆ ನಕ್ಕಿತು, ನಾವೂ ನಕ್ಕೆವು. ಮನೆಗೆ ಹೋದ ಮೇಲೆ ಆ ನಗು ನಮಗೇ ಚುಚ್ಚಿತು. ಅವರ ಪ್ರಶ್ನೆಗೆ ಉತ್ತರ ಹುಡುಕಲು ಓದಿದ್ದನ್ನೇ ಈಹೊತ್ತು ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಒಂದು ಗಿರಣಿಯ ಕಥೆ. ಸ್ಕಾಟ್ಲೆಂಡಿನಲ್ಲಿ ಕ್ಲೈಡ್ ನದಿಯ ಜಲಪಾತಗಳ ಕೆಳಗೆ ನ್ಯೂ ಲ್ಯಾನಾರ್ಕ್ ಎಂಬ ಊರಿದೆ. ಡೇವಿಡ್ ಡೇಲ್ ಎಂಬ ವರ್ತಕ ಅಲ್ಲಿ 1785ರಲ್ಲಿ ಹತ್ತಿ ಗಿರಣಿ ಕಟ್ಟಲು ಶುರುಮಾಡಿದ. ನೀರಿನ ಬಲದಿಂದ ನಡೆಯುವ ಗಿರಣಿ. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಅನಾಥಾಲಯಗಳಿಂದ ತಂದ ಸುಮಾರು 500 ಮಕ್ಕಳು ಅಲ್ಲಿ ದುಡಿಯುತ್ತಿದ್ದರು. 1800ರ ಜನವರಿಯಲ್ಲಿ ಆಡಳಿತ ಡೇಲನ ಅಳಿಯ ರಾಬರ್ಟ್ ಓವೆನ್ನನ ಕೈಗೆ ಬಂತು. ಓವೆನ್ ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದ. 1816ರಲ್ಲಿ ಗಿರಣಿಯ ಆವರಣದಲ್ಲೇ ಶಾಲೆ ತೆರೆದ. ನಡೆಯಲು ಕಲಿತ ಕೂಸುಗಳಿಗೂ ಅಲ್ಲಿ ಜಾಗವಿತ್ತು. ಕೆಲಸದ ಹೊತ್ತನ್ನು ಹತ್ತು ಮುಕ್ಕಾಲು ಗಂಟೆಗೆ ಇಳಿಸಿದ. ಅಮೆರಿಕದ ಹತ್ತಿ ಬರುವುದು ನಿಂತು ಗಿರಣಿ ನಾಲ್ಕು ತಿಂಗಳು ಸ್ತಬ್ಧವಾದಾಗ ಪೂರ್ತಿ ಕೂಲಿ ಕೊಟ್ಟ. ನಮ್ಮ ಕಾಲದ ಎಷ್ಟು ಮಾಲೀಕರು ಇಷ್ಟು ಮಾಡಿದ್ದಾರೆ, ನೀವೇ ಲೆಕ್ಕ ಹಾಕಿ.

ಪೇಟೆಯ ಬಂಧುಗಳು ಕೇಳಬೇಕಾದ ಸಂಗತಿಯೂ ಒಂದಿದೆ. ಅಂದಿನ ಮಾಲೀಕರು ಕೂಲಿಯ ಬದಲು ಚೀಟಿ ಕೊಟ್ಟು ತಮ್ಮದೇ ಅಂಗಡಿಯಲ್ಲಿ ಕಲಬೆರಕೆ ಸಾಮಾನನ್ನು ದುಬಾರಿ ಬೆಲೆಗೆ ಮಾರುತ್ತಿದ್ದರು. ಓವೆನ್ ಸಗಟಿನಲ್ಲಿ ಒಳ್ಳೆಯ ಸರಕು ಕೊಂಡು, ಅಸಲಿಗಿಂತ ಸ್ವಲ್ಪವೇ ಹೆಚ್ಚಿಗೆ ಮಾರಿಸಿ, ಬಂದ ಲಾಭವನ್ನು ಶಾಲೆಗೆ ಹಾಕಿದ. 1844ರಲ್ಲಿ ರಾಚ್‌ಡೇಲ್ ಊರಿನ ನೇಕಾರರು ಸಹಕಾರಿ ಅಂಗಡಿ ತೆರೆದಾಗ ಅವರ ಕಣ್ಣ ಮುಂದೆ ಇದ್ದದ್ದು ಈ ಓವೆನ್ನನ ವಿಚಾರಗಳೇ.

ಓವೆನ್ನನನ್ನು ದೇವರು ಮಾಡುವ ಉದ್ದೇಶ ನಮಗಿಲ್ಲ. ಒಬ್ಬೊಬ್ಬ ಕೆಲಸಗಾರನ ಪಕ್ಕದಲ್ಲೂ ನಾಲ್ಕು ಬಣ್ಣದ ಮರದ ತುಂಡೊಂದನ್ನು ಅವನು ತೂಗುಹಾಕಿಸಿದ್ದ. ನಿನ್ನೆ ಚೆನ್ನಾಗಿ ದುಡಿದವನಿಗೆ ಬಿಳಿಯ ಮುಖ, ಕೆಟ್ಟದಾಗಿ ದುಡಿದವನಿಗೆ ಕಪ್ಪು ಮುಖ. ದಾನಿಯಾದರೂ ಮಾಲೀಕ ಮಾಲೀಕನೇ!

ಈ ಗಿರಣಿ 1968ರಲ್ಲಿ ಮುಚ್ಚಿತು. 1970ರಲ್ಲಿ ಕಟ್ಟಡಗಳು ಗುಜರಿ ಲೋಹದ ಕಂಪನಿಯೊಂದರ ಕೈಗೆ ಹೋದವು. ಛಾವಣಿ ಸೋರಿತು, ಜನ ಊರು ಬಿಟ್ಟರು. ನಮ್ಮ ಗಿರಣಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿ ನಡೆದ ಕೆಲಸದ ಕ್ರಮ ನೋಡಿ. ಗಿರಣಿ ಮುಚ್ಚುವ ಮೊದಲೇ, 1963ರಲ್ಲಿ, ಕೆಲಸಗಾರರ ಮನೆಗಳನ್ನು ದುರಸ್ತಿ ಮಾಡಲು ಒಂದು ವಸತಿ ಸಂಘ ಹುಟ್ಟಿತ್ತು. ಮೊದಲು ಮನೆ! ಎಪ್ಪತ್ತರ ದಶಕದ ನಡುವೆ ಸಂರಕ್ಷಣಾ ಟ್ರಸ್ಟು ಬಂತು. ಹಣ ಒಂದೇ ಕೈಯಿಂದ ಬರಲಿಲ್ಲ: ಐತಿಹಾಸಿಕ ಕಟ್ಟಡಗಳಿಗೆ ಸರ್ಕಾರ ಕೊಡುವ ಅನುದಾನವಿತ್ತು, ಸ್ಥಳೀಯ ಆಡಳಿತದ ಹಣವಿತ್ತು, ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯ ಹಣವೂ ಇತ್ತು. ಈ ಕೊನೆಯದನ್ನು ಗಮನಿಸಿ. ಕೆಲಸವಿಲ್ಲದ ಜನ ಅಲ್ಲಿಯೇ ಕಲ್ಲು ಕೂರಿಸಲು, ಮರ ಜೋಡಿಸಲು ಕಲಿತು ಆ ಗೋಡೆಗಳನ್ನು ಎತ್ತಿ ನಿಲ್ಲಿಸಿದರು. ಖಾಸಗಿ ಕಂಪನಿಯ ಕೈಯಲ್ಲಿದ್ದ ಗಿರಣಿಯ ಭಾಗವನ್ನು 1983ರಲ್ಲಿ ಕಾನೂನಿನ ಬಲದಿಂದ ಕಡ್ಡಾಯವಾಗಿ ಕೊಂಡುಕೊಳ್ಳಲಾಯಿತು. 2001ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳೆಯ ಗಿರಣಿಗಳಲ್ಲೊಂದು ಹೋಟೆಲಾಗಿದೆ ನಿಜ. ಆದರೆ ಸಾಲುಮನೆಗಳಲ್ಲಿ ಸಂಸಾರಗಳಿವೆ, ನದಿಯ ನೀರು ವಿದ್ಯುತ್ ಕೊಡುತ್ತಿದೆ, ಹಳೆಯ ಯಂತ್ರವೊಂದು ಉಣ್ಣೆಯ ನೂಲು ತೆಗೆಯುತ್ತಿದೆ.

ಇನ್ನೊಂದು ಗಿರಣಿ ಊರು ಅಮೆರಿಕದ ಲೊವೆಲ್. ಹಳ್ಳಿಗಳಿಂದ ಬಂದ ಹುಡುಗಿಯರು ಅಲ್ಲಿ ನೂಲು ತೆಗೆದರು, ಬಟ್ಟೆ ನೇಯ್ದರು. 1834ರಲ್ಲಿ ಕೂಲಿ ಕಡಿತದ ವಿರುದ್ಧ, 1836ರಲ್ಲಿ ವಸತಿಗೃಹದ ಖರ್ಚು ಏರಿಸಿದ್ದರ ವಿರುದ್ಧ ಆ ಹುಡುಗಿಯರೇ ಮಗ್ಗ ಬಿಟ್ಟು ಬೀದಿಗೆ ಬಂದರು. ಗಿರಣಿಗಳು ಮುಚ್ಚಿ ಊರು ಬಡವಾದ ಮೇಲೆ, 1978ರಲ್ಲಿ, ಅಮೆರಿಕದ ಸಂಸತ್ತು ಆ ಗಿರಣಿ ಪ್ರದೇಶವನ್ನೇ ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂದು ಘೋಷಿಸಿತು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಎಂಬತ್ತಕ್ಕೂ ಹೆಚ್ಚು ಮಗ್ಗಗಳ ಒಂದು ಖಾತೆಯನ್ನೇ ಉಳಿಸಿಕೊಂಡಿದ್ದಾರೆ. ಅವನ್ನು ನಡೆಸಿ ತೋರಿಸುವಾಗ ನೋಡಬಂದವರು ಕಿವಿಗೆ ಬೆಣೆ ಇಟ್ಟುಕೊಳ್ಳಬೇಕಾಗುತ್ತದೆ. ಆ ಸದ್ದನ್ನು ಬೆಣೆಯಿಲ್ಲದೆ ಜೀವಮಾನವಿಡೀ ಕೇಳಿ ಕಿವಿ ಕಳೆದುಕೊಂಡವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದಾರೆ!

ಇನ್ನು ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ. ಅಮೆರಿಕ 1976ರ ಕಾನೂನಿನಿಂದ ಒಂದು ಐತಿಹಾಸಿಕ ಸಂರಕ್ಷಣಾ ನಿಧಿ ಮಾಡಿತು. ಕಡಲಿನಾಳದಿಂದ ಎಣ್ಣೆ ತೆಗೆಯುವ ಕಂಪನಿಗಳು ಸರ್ಕಾರಕ್ಕೆ ಕೊಡುವ ಹಣದಿಂದ ವರ್ಷಕ್ಕೆ 15 ಕೋಟಿ ಡಾಲರಿನವರೆಗೆ ಇದಕ್ಕೆ ಕೊಡಬಹುದೆಂದು ಮಿತಿ ಹಾಕಿತು. ಕಾಗದದ ಮೇಲಿನ ಮಿತಿ ಬೇರೆ, ಕೈಗೆ ಬಂದ ಹಣ ಬೇರೆ. ಸಂಸತ್ತು ಬಹಳ ವರ್ಷ ಕಡಿಮೆಯೇ ಮಂಜೂರು ಮಾಡಿತು. ಬ್ರಿಟನ್ನಿನ ದಾರಿ ಇನ್ನೂ ವಿಚಿತ್ರ. 1994ರ ನವೆಂಬರಿನಲ್ಲಿ ಅಲ್ಲಿ ರಾಷ್ಟ್ರೀಯ ಲಾಟರಿ ಶುರುವಾಯಿತು. ಅದರ ಆದಾಯದಲ್ಲಿ ಲೋಕೋಪಯೋಗಕ್ಕೆಂದು ತೆಗೆದಿಡುವ ಹಣದ ಐದನೆಯ ಒಂದು ಪಾಲು ಪರಂಪರೆಯ ರಕ್ಷಣೆಗೆ ಹೋಗುತ್ತದೆ. ಅರಮನೆ, ಚರ್ಚು, ಹಳೇ ಗಿರಣಿ, ಹಡಗು ಎಲ್ಲಕ್ಕೂ ಅದೇ ಹಣ. ಆದರೆ ಲಾಟರಿ ಚೀಟಿ ಕೊಳ್ಳುವವನು ಅರಮನೆಯ ಯಜಮಾನನಲ್ಲ, ವಾರದ ಕೂಲಿಯವನು. ಬಡವನ ಆಸೆಯ ಮೇಲೆ ಹಾಕಿದ ತೆರಿಗೆ ಇದು. ನಮ್ಮ ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯಿತು; ಅದಕ್ಕೆ ಮೊದಲು ಬಸ್ ನಿಲ್ದಾಣದ ಲಾಟರಿ ಮೇಜಿನ ಮುಂದೆ ಸಂಬಳದ ದಿನ ಏನು ನಡೆಯುತ್ತಿತ್ತೆಂಬುದು ನಮ್ಮ ಹೆಂಗಸರಿಗೆ ನೆನಪಿದೆ. ಆ ದಾರಿಯ ಹಣ ನಮಗೆ ಬೇಡ.

ನಮ್ಮ ದೇಶದಲ್ಲಿ ಏನಿದೆ? ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1861ರಿಂದ ಇದೆ. ಅದರ ರಕ್ಷಣೆಯಲ್ಲಿ ದೇಶದಾದ್ಯಂತ ಸುಮಾರು 3,700 ಸ್ಮಾರಕಗಳಿವೆ. ಅವುಗಳ ಪೈಕಿ ಕೋಟೆ, ಗುಡಿ, ಮಸೀದಿ, ಗೋರಿಗಳೇ ಹೆಚ್ಚು. ದುಡಿಮೆಯ ಜಾಗ ಸಿಗುವುದು ಅಪರೂಪ. 1996ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸಂಸ್ಕೃತಿ ನಿಧಿ ಎಂಬುದನ್ನು ಸ್ಥಾಪಿಸಿ, ಅದಕ್ಕೆ ಕೊಟ್ಟ ದಾನಕ್ಕೆ ಪೂರ್ಣ ತೆರಿಗೆ ವಿನಾಯಿತಿ ಕೊಟ್ಟಿತು. ಇದರ ಲೆಕ್ಕ ಸರಳ. ನೂರಕ್ಕೆ ಮೂವತ್ತು ತೆರಿಗೆ ಕಟ್ಟಬೇಕಾದ ಕಂಪನಿ ನೂರು ರೂಪಾಯಿ ದಾನ ಮಾಡಿದರೆ, ಅದರಲ್ಲಿ ಮೂವತ್ತು ಬೊಕ್ಕಸಕ್ಕೆ ಬರಬೇಕಾಗಿದ್ದ ಹಣ. ಕಲ್ಲಿನ ಮೇಲೆ ಕೆತ್ತುವುದು ಮಾತ್ರ ಕಂಪನಿಯ ಹೆಸರು. 2017ರಲ್ಲಿ ಸ್ಮಾರಕಗಳನ್ನು ದತ್ತು ಕೊಡುವ ಯೋಜನೆ ಬಂತು. 2018ರಲ್ಲಿ ದೆಹಲಿಯ ಕೆಂಪುಕೋಟೆಯ ಸೌಕರ್ಯಗಳ ನಿರ್ವಹಣೆಯನ್ನು ಐದು ವರ್ಷಕ್ಕೆ, 25 ಕೋಟಿ ರೂಪಾಯಿಯ ಲೆಕ್ಕದಲ್ಲಿ, ದಾಲ್ಮಿಯಾ ಭಾರತ್ ಎಂಬ ಸಿಮೆಂಟ್ ಕಂಪನಿಗೆ ಒಪ್ಪಿಸಲಾಯಿತು. ಗಾರೆಯಲ್ಲಿ ಕಟ್ಟಿದ ಕೋಟೆಗೆ ಸಿಮೆಂಟಿನವರು ಸಾಕುತಂದೆ! ಇರಲಿ.

ಊರವರ ಪಾಲು ಕೇಳುವ ಪದ್ಧತಿಯೂ ನಮ್ಮಲ್ಲಿದೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು ಹಳೇ ಗುಡಿಗಳನ್ನು ನಿಲ್ಲಿಸುವಾಗ ಖರ್ಚಿನಲ್ಲಿ ಸರ್ಕಾರ 40, ಟ್ರಸ್ಟು 40, ಊರವರು 20 ಪಾಲು ಎಂಬ ಕ್ರಮ ಇಟ್ಟುಕೊಂಡಿತು. ಊರವರ ಕೈಯಿರುವುದು ಒಳ್ಳೆಯದೇ. ಆದರೆ ಇಪ್ಪತ್ತು ಪಾಲು ಒಟ್ಟುಮಾಡಲಾರದ ಊರಿನ ಗುಡಿಯೋ ಗಿರಣಿಯೋ ಏನಾಗಬೇಕು? ಉಳ್ಳವರ ಊರಿನ ಇತಿಹಾಸ ಮಾತ್ರ ಇತಿಹಾಸವೇ?

ಈಗ ಶಿಷ್ಯವೇತನದ ಮಾತು. ಇಲ್ಲಿ ಇನ್ನೊಬ್ಬ ಸಮಾಜವಾದಿಯನ್ನು ನೆನೆಯಬೇಕು. ವಿಲಿಯಂ ಮಾರಿಸ್ ಇಂಗ್ಲೆಂಡಿನ ಕವಿ, ಬಟ್ಟೆಗೆ ಚಿತ್ತಾರ ಬರೆದವನು, ನೇಯ್ದವನು, ಬಣ್ಣ ಅದ್ದಿದವನು. ಹಳೇ ಚರ್ಚುಗಳನ್ನು ಕೆರೆದು ಹೊಸದಾಗಿ ಮಾಡುತ್ತಿದ್ದ ಶ್ರೀಮಂತ ವಾಸ್ತುಶಿಲ್ಪಿಗಳ ಮೇಲೆ ಸಿಟ್ಟಾಗಿ 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣಾ ಸಂಘವನ್ನು ಕಟ್ಟಿದ. ಅದಕ್ಕೆ ಬಿದ್ದ ಅಡ್ಡಹೆಸರು 'ಕೆರೆತ ವಿರೋಧಿ ಸಂಘ'. ಮಳೆಬಿಸಿಲಿಗೆ ಆಗಾಗ ಸಣ್ಣ ದುರಸ್ತಿ ಮಾಡಿ, ದೊಡ್ಡ ಜೀರ್ಣೋದ್ಧಾರದ ಗೊಡವೆಗೆ ಹೋಗಬೇಡಿ ಎಂಬುದು ಅವನ ವಾದ. ಆರು ವರ್ಷದ ನಂತರ, 1883ರಲ್ಲಿ, ಅದೇ ಮಾರಿಸ್ ಸಮಾಜವಾದಿ ಚಳವಳಿಗೆ ಇಳಿದು ಬೀದಿಬೀದಿಯಲ್ಲಿ ಭಾಷಣ ಮಾಡಿದ. ಕಲ್ಲಿನ ಕೆಲಸಗಾರ ತನ್ನ ಕೈಯ ಕೆಲಸದಲ್ಲಿ ಸಂತೋಷಪಡುವ ಕಾಲವನ್ನು ಬಂಡವಾಳ ಕಸಿದುಕೊಂಡಿತು ಎಂಬ ನೋವು ಅವನ ಎರಡು ಕೆಲಸಗಳಿಗೂ ಮೂಲ.

ಆ ಸಂಘ 1930ರಿಂದ ಎಳೆಯ ವಾಸ್ತುಶಿಲ್ಪಿಗಳಿಗೆ ಶಿಷ್ಯವೇತನ ಕೊಟ್ಟು ತಿಂಗಳುಗಟ್ಟಲೆ ದೇಶ ಸುತ್ತಿಸಿ, ದುರಸ್ತಿ ನಡೆಯುವ ಜಾಗದಲ್ಲೇ ಪಾಠ ಹೇಳಿಸುತ್ತ ಬಂದಿದೆ. ಆದರೆ ಕೈಕೆಲಸದವರಿಗೆ, ಎಂದರೆ ಕಲ್ಲುಕುಟಿಗ, ಬಡಗಿ, ಗಾರೆಯವನಿಗೆ, ಇದೇ ರೀತಿ ವೇತನ ಕೊಟ್ಟು ಕಲಿಸುವ ವ್ಯವಸ್ಥೆ ಬಂದದ್ದು 1987ರಲ್ಲಿ. ಅದಕ್ಕೆ ಮಾರಿಸನ ಹೆಸರನ್ನೇ ಇಟ್ಟರು. ನಕ್ಷೆ ಬರೆಯುವವನಿಗೂ ಕಲ್ಲು ಎತ್ತುವವನಿಗೂ ನಡುವೆ ಐವತ್ತೇಳು ವರ್ಷ! ಮಾರಿಸನ ಸಂಘದಲ್ಲೇ ಹೀಗಾದರೆ ಉಳಿದ ಕಡೆ ಹೇಗೆ?

ಭಾರತದ ಹುಡುಗರು ಈ ವಿದ್ಯೆ ಕಲಿಯಲು ಬ್ರಿಟನ್ನಿಗೆ ಹೋದ ದಾರಿಗಳಲ್ಲಿ ಒಂದು ಚಾರ್ಲ್ಸ್ ವ್ಯಾಲೇಸ್ ಟ್ರಸ್ಟು. ಈ ವ್ಯಾಲೇಸ್ ಕಲ್ಕತ್ತೆಯಲ್ಲಿ ವ್ಯಾಪಾರಮಾಡಿ ದೊಡ್ಡ ಗಂಟು ಕಟ್ಟಿದ ಬ್ರಿಟಿಷ್ ವರ್ತಕ, 1916ರಲ್ಲಿ ತೀರಿಕೊಂಡ. ಅವನ ಆಸ್ತಿಯಿಂದ 1981ರಲ್ಲಿ ಹುಟ್ಟಿದ ಈ ಟ್ರಸ್ಟು ಕಲೆ ಮತ್ತು ಪರಂಪರೆಯ ರಕ್ಷಣೆ ಕಲಿಯುವ ಭಾರತೀಯರಿಗೆ ವೇತನ ಕೊಟ್ಟಿತು. ಇಲ್ಲಿ ಗಳಿಸಿದ ಹಣದ ಒಂದು ಚೂರು ಅರುವತ್ತೈದು ವರ್ಷದ ಮೇಲೆ ಇಲ್ಲಿಯವರ ಕೈಗೇ ಬಂತು ಎನ್ನೋಣ. ಒಳ್ಳೆಯ ಕೆಲಸಗಾರರು ಅದರಿಂದ ತಯಾರಾಗಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಅರ್ಜಿ ಬರೆದು, ಪದವಿಯ ಕಾಗದ ಲಗತ್ತಿಸಿ, ಸಂದರ್ಶನ ಕೊಡಬಲ್ಲ ಗಾರೆಯವನನ್ನು ನಾವು ಕಂಡಿಲ್ಲ. ಅವನಿಗೆ ನಮ್ಮಲ್ಲಿ ಏನಿದೆ? 2023ರ ಸೆಪ್ಟೆಂಬರಿನಲ್ಲಿ ಶುರುವಾದ ವಿಶ್ವಕರ್ಮ ಯೋಜನೆಯಲ್ಲಿ ಗಾರೆಯವ, ಬಡಗಿ, ಕಮ್ಮಾರ, ಕಲ್ಲುಕೆತ್ತುವವ ಸೇರಿ ಹದಿನೆಂಟು ಕಸುಬುಗಳಿವೆ. ತರಬೇತಿಯ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ ಗೊತ್ತುಮಾಡಿದರು. ಮೊದಲ ಹಂತದ ತರಬೇತಿ ಐದಾರು ದಿನ. ಹಳೇ ಗಾರೆಯ ಗುಟ್ಟು ಐದಾರು ದಿನದಲ್ಲಿ ಕೈಗೆ ಬರುವುದಿಲ್ಲ.

ಈ ಗಾರೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹಣ ಪೋಲಾಗುವುದು ಇಲ್ಲಿಯೇ. ನಮ್ಮ ಹಿರಿಯರು ಸುಣ್ಣ ಸುಟ್ಟು, ಅರಳಿಸಿ, ಮರಳು, ಇಟ್ಟಿಗೆಪುಡಿ ಸೇರಿಸಿ, ಬೆಲ್ಲದ ನೀರು, ಅಳಲೆಕಾಯಿಯ ರಸ ಹಾಕಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದು ಗಾರೆ ಮಾಡುತ್ತಿದ್ದರು. ಆ ಗಾರೆ ಉಸಿರಾಡುತ್ತದೆ. ಗೋಡೆಗೆ ಹೊಕ್ಕ ನೀರು ಅದರ ಮೂಲಕ ಹೊರಗೆ ಹೋಗುತ್ತದೆ. ಸಿಮೆಂಟು ಹಾಗಲ್ಲ. ಹಳೇ ಗೋಡೆಗೆ ಸಿಮೆಂಟು ಬಳಿದರೆ ನೀರು ಒಳಗೇ ಸಿಕ್ಕಿ, ಉಪ್ಪು ಹೊರಳಿ, ಇಟ್ಟಿಗೆ ಪುಡಿಪುಡಿಯಾಗುತ್ತದೆ. ಇದನ್ನು ಬಲ್ಲ ಮೇಸ್ತ್ರಿಗೆ ಟೆಂಡರು ಹಾಕುವ ಯೋಗ್ಯತೆಯಿಲ್ಲ. ಅವನ ಬಳಿ ಗುತ್ತಿಗೆದಾರನ ಲೈಸೆನ್ಸಿಲ್ಲ, ಠೇವಣಿಗೆ ಹಣವಿಲ್ಲ. ಟೆಂಡರು ಅತಿ ಕಡಿಮೆ ಬರೆದವನಿಗೆ. ಅವನು ರಸ್ತೆ, ಚರಂಡಿ ಮಾಡಿಸುವ ಗುತ್ತಿಗೆದಾರ. ಅವನಿಗೆ ಗೊತ್ತಿರುವುದು ಸಿಮೆಂಟು. ನಾವೇ ಕಂಡ ಒಂದು ಸಂಗತಿ: ಪಕ್ಕದ ತಾಲ್ಲೂಕಿನಲ್ಲಿ ಒಂದು ಹಳೇ ಕಲ್ಯಾಣಿಗೆ ಅನುದಾನ ಬಂತು. ಸೋಪಾನದ ಸಂದುಗಳಿಗೆಲ್ಲ ಸಿಮೆಂಟು ತುಂಬಿದರು. ಮೂರನೆಯ ಮಳೆಗಾಲಕ್ಕೆ ಸಾಲುಕಲ್ಲು ಉಬ್ಬಿ ಹೊರಬಂತು. ಹಣ ಪೂರ್ತಿ ಖರ್ಚಾದ ಪ್ರಮಾಣಪತ್ರ ಮಾತ್ರ ಕಡತದಲ್ಲಿ ಭದ್ರವಾಗಿದೆ.

ಅನುದಾನದ ಹಿಂದೆ ಬರುವ ಇನ್ನೊಂದು ಭಯ ಪೇಟೆಯವರದು. ಅದು ಬರಿಯ ಭಯವಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ಜನ ತಲೆಮಾರಿನಿಂದ ಸಂಸಾರ ಮಾಡಿಕೊಂಡು, ಹಣ್ಣುಕಾಯಿ, ಚಹ, ಊಟ ಮಾರಿಕೊಂಡು ಬದುಕಿದ್ದರು. 2011ರ ಜುಲೈ 29ರಂದು, ಒಂದು ದಿನದ ಪೂರ್ತಿ ಬಿಡುವನ್ನೂ ಕೊಡದೆ, ಒತ್ತುವರಿ ತೆರವು ಎಂದು ಅವರ ಮನೆ ಅಂಗಡಿಗಳ ಮೇಲೆ ಯಂತ್ರ ಹಾಯಿಸಿದರು. ಅವರಿಗೆ ಬದಲಿ ಜಾಗ ತೋರಿಸಿದ್ದು ಗುಡಿಯಿಂದ ದೂರದ ಕಡ್ಡಿರಾಂಪುರದಲ್ಲಿ. ಬಜಾರನ್ನು ಉಳಿಸಲು ಬಜಾರಿನವರನ್ನೇ ಎಬ್ಬಿಸಿದರು! ಕೃಷ್ಣದೇವರಾಯನ ಕಾಲದಲ್ಲಿ ಆ ಬೀದಿ ಖಾಲಿ ಇತ್ತೆಂದು ಯಾವ ಪ್ರವಾಸಿಯೂ ಬರೆದಿಲ್ಲ.

ಎದುರು ಬದಿಯನ್ನೂ ನೋಡಬೇಕು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಹಳೇ ಪುಸ್ತಕದ ಅಂಗಡಿಗಳಿದ್ದವು, ಸಣ್ಣ ಸಣ್ಣ ವ್ಯಾಪಾರಿಗಳಿದ್ದರು. ಕಾಲಕಾಲದ ದುರಸ್ತಿ ಇಲ್ಲದೆ 2012ರ ಆಗಸ್ಟಿನಲ್ಲಿ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅದೇ ಊರಿನ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ 2016ರ ಆಗಸ್ಟಿನಲ್ಲಿ, ನವೀಕರಣದ ಕಾಮಗಾರಿ ನಡೆಯುತ್ತಿದ್ದಾಗಲೇ, ಬಿತ್ತು. ಆಮೇಲೆ ಕೆಡವಿ ಕಟ್ಟಬೇಕೆಂದು ಒಂದು ಪಕ್ಷ, ಉಳಿಸಬೇಕೆಂದು ಇನ್ನೊಂದು ಪಕ್ಷ, ನಡುವೆ ಹೈಕೋರ್ಟು. ಬಾಡಿಗೆ ಕಟ್ಟುತ್ತಿದ್ದ ವ್ಯಾಪಾರಿಗಳು ವರ್ಷಗಟ್ಟಲೆ ತೂಗುಯ್ಯಾಲೆಯ ಮೇಲೆ ಕೂತರು. ಅಂಗಡಿಯವನಿಗೆ ಬೇಕಾದದ್ದು ಎರಡೇ: ತಲೆಯ ಮೇಲೆ ಬೀಳದ ಸೂರು, ಕಾಲ ಕೆಳಗೆ ಜಾರದ ಜಾಗ. ಯಾವ ಅನುದಾನದ ಅರ್ಜಿಯಲ್ಲೂ ಇವೆರಡಕ್ಕೆ ಕಾಲಂ ಇಲ್ಲ.

ಕಾನೂನಿನ ಮಾತನ್ನೂ ಮುಚ್ಚಿಡುವುದಿಲ್ಲ. ಕೇಂದ್ರದ ರಕ್ಷಣೆಗೆ ಒಳಪಟ್ಟ ಸ್ಮಾರಕವಾದರೆ, 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸುತ್ತ 100 ಮೀಟರು ಹೊಸ ಕಟ್ಟಡ ಕೂಡದು. ಅದರಾಚೆ 200 ಮೀಟರು ಅನುಮತಿ ಬೇಕು. ತಪ್ಪಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷದವರೆಗೆ ದಂಡ. ವಿಜಯಪುರ, ಬೀದರಿನಂಥ ಊರುಗಳಲ್ಲಿ ಹೆಂಚು ಬದಲಿಸಲೂ ಕಚೇರಿ ಅಲೆದವರಿದ್ದಾರೆ. ಆದ್ದರಿಂದ ನಮ್ಮ ಗಿರಣಿ ಈ ಪಟ್ಟಿಗೆ ಹೋಗುವುದು ನಮಗೆ ಬೇಕಿಲ್ಲ. ನಗರಸಭೆಯ ಕೈಯಲ್ಲಿ, ಊರಿನ ಸಾರ್ವಜನಿಕ ಆಸ್ತಿಯಾಗಿ ಉಳಿದರೆ ಸಾಕು.

ಹಾಗಾದರೆ ಹಿರಿಯರ ಪ್ರಶ್ನೆಗೆ ಉತ್ತರವೇನು? ಗ್ರಾಚ್ಯುಟಿ ನ್ಯಾಯವಾಗಿ ಸಲ್ಲಬೇಕಾದ ಬಾಕಿ. ಅನುದಾನ ಕೇಳಿ ಪಡೆಯುವ ಹಣ. ಒಂದನ್ನು ತೋರಿಸಿ ಇನ್ನೊಂದನ್ನು ಮರೆಸಲು ಬಿಡಬಾರದು. ಜಾಗದ ಹರಾಜಿನಲ್ಲಿ ಬರುವ ಹಣದಲ್ಲಿ ಕೆಲಸಗಾರರ ಬಾಕಿ ಮೊದಲು ತೀರಲಿ ಎಂಬ ನಮ್ಮ ಅರ್ಜಿ ನ್ಯಾಯಾಲಯದಲ್ಲಿ ಹಾಗೆಯೇ ನಡೆಯುತ್ತದೆ. ಅದರ ಜೊತೆಗೆ ಗೇಟು, ಚಿಮಣಿ, ಮಗ್ಗದ ಖಾತೆ, ಕೂಲಿ ಚಾಳು ಇವಿಷ್ಟನ್ನು ಹರಾಜಿನಿಂದ ಹೊರಗಿಡಿ ಎಂದು ಕೇಳುವ ಮನವಿಯನ್ನೂ ಕೊಡಬೇಕೆಂದು ನಮ್ಮ ಅಭಿಪ್ರಾಯ. ಬೆಂಗಳೂರಿನ ಬಿನ್ನಿ ಮಿಲ್ಲಿನ ಜಾಗದಲ್ಲಿ ಬಹುಮಹಡಿ ಮನೆಗಳೆದ್ದವು. ಮುಂಬಯಿಯಲ್ಲಿ 1982ರ ಜನವರಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೆಲಸಗಾರರು ಮುಷ್ಕರ ಹೂಡಿದ ಗಿರಣಿಗಳ ನೆಲದ ಮೇಲೆ ಮಾಲುಗಳು ನಿಂತಿವೆ. ಅಲ್ಲಿ ಯಾರು ದುಡಿದರು, ಯಾರು ಸೋತರು ಎಂದು ಹೇಳಲು ಅಲ್ಲೊಂದು ಇಲ್ಲೊಂದು ಚಿಮಣಿ ಉಳಿದಿದೆ, ಅಷ್ಟೇ.

ಅನುದಾನ ತರುವುದಾದರೆ ಅರ್ಜಿಯಲ್ಲೇ ಕೆಲವು ಮಾತು ಬರೆಯಿಸೋಣ. ಮೊದಲ ಕಂತು ಕೂಲಿ ಚಾಳಿನ ಛಾವಣಿಗೆ, ಅಲ್ಲಿರುವ ಸಂಸಾರಗಳನ್ನು ಎಬ್ಬಿಸದೆ. ಗಾರೆ ಕೆಲಸ ಟೆಂಡರಿಗೆ ಹೋಗದೆ ದಿನಗೂಲಿಯ ಮೇಲೆ ಊರ ಮೇಸ್ತ್ರಿಗಳ ಕೈಯಲ್ಲಿ ನಡೆಯಲಿ. ಶಿಷ್ಯವೇತನ ನಕ್ಷೆಯ ಹುಡುಗನಿಗೊಂದು ಕೊಟ್ಟರೆ ಕರಣೆಯ ಹುಡುಗನಿಗೊಂದು, ಅದೂ ಆರು ತಿಂಗಳಿಗೆ ಕಡಿಮೆಯಿಲ್ಲದೆ. ಗೇಟಿನ ಎದುರಿನ ಹನ್ನೊಂದು ಅಂಗಡಿಗಳವರು ಇದ್ದಲ್ಲೇ ಇರಲಿ. ಇದನ್ನು ಒಪ್ಪದವರ ಹಣ ಎಷ್ಟು ದೊಡ್ಡದಾದರೂ ತಿರುಗಿ ಕಳಿಸೋಣ.

ಬೆಂಗಳೂರಿನವರು ಬರುವ ತಿಂಗಳು ಮತ್ತೆ ಬರುತ್ತಾರೆ. ಅಷ್ಟರೊಳಗೆ ನಮ್ಮ ಕೈಯಲ್ಲೂ ಕಾಗದಗಳಿರಬೇಕು. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೇ ಹಾಜರಿ ಚೀಟಿ, ಸಂಬಳದ ಲಕೋಟೆ, ಬಿಲ್ಲೆ, ಮುಷ್ಕರದ ಕರಪತ್ರ, ಗೇಟಿನ ಮುಂದೆ ತೆಗೆಸಿದ ಫೋಟೋ ಏನಿದ್ದರೂ ಬರುವ ಭಾನುವಾರ ತನ್ನಿ; ನಕಲು ಮಾಡಿಕೊಂಡು ಅಸಲನ್ನು ಅಲ್ಲೇ ಹಿಂದಕ್ಕೆ ಕೊಡುತ್ತೇವೆ. ಸುಣ್ಣದ ಗಾರೆ ಅರೆದು ಗೊತ್ತಿರುವ ಇಬ್ಬರು ಅಜ್ಜಂದಿರು ಕೆರೆ ಓಣಿಯಲ್ಲಿದ್ದಾರೆ. ಅವರನ್ನು ಕರೆತರುವ ಹೊಣೆಯನ್ನು ತರುಣರು ಹೊರಲಿ. ವಾಚನಾಲಯ ಬೆಳಗ್ಗೆ ಒಂಬತ್ತಕ್ಕೇ ತೆರೆದಿರುತ್ತದೆ.